ಬ್ರೇಕ್ ಹಿಡಿಯದ ಬಸ್ಸು, ಅಹಂಕಾರ ಬಿಟ್ಟ ಕಚೇರಿ

ನಗರ ಸಾರಿಗೆ ಸಂಸ್ಥೆಯ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮ್ಮ ಸಂಸ್ಥೆಯ ಬಸ್ಸಿಗೆ ಬ್ರೇಕ್ ಇರಲಿಲ್ಲ. ಆ ಸಂಗತಿಯನ್ನು ಮೂರು ದಿನ ಮೊದಲೇ ಬರೆದು ತಿಳಿಸಿದ್ದ ಚಾಲಕಿಯನ್ನೇ ತಾವು ಇಂದು ಅಪರಾಧಿ ಎನ್ನುತ್ತಿದ್ದೀರಿ. ಬ್ರೇಕ್ ಸರಿಯಾಗಿದೆ ಎಂದು ಚೀಟಿ ಕೊಟ್ಟವರು ಯಾರೆಂದು ಕೇಳಿದರೆ, ‘ಯಾರು’ ಎಂದು ಕೇಳುವುದೇ ಅಜ್ಞಾನದ ಲಕ್ಷಣವೆಂದು ಅಪ್ಪಣೆ ಕೊಡಿಸುತ್ತಿದ್ದೀರಿ. ಬರುವ ಶನಿವಾರ ಸಂಜೆ ಐದು ಗಂಟೆಯೊಳಗೆ ಸದರಿ ಚಾಲಕಿ ತಪ್ಪೊಪ್ಪಿಗೆ ಬರೆದುಕೊಡದಿದ್ದಲ್ಲಿ ಅವಳ ಚಾಲನಾ ಬಿಲ್ಲೆಯನ್ನು ಶಾಶ್ವತವಾಗಿ ಹಿಂಪಡೆಯಲಾಗುವುದೆಂದು ನೋಟೀಸು ಕಳಿಸಿದ್ದೀರಿ. ಸದರಿ ಚಾಲಕಿ ನನ್ನ ಸೊಸೆ. ನಾನು ತಮ್ಮ ಕಚೇರಿಯ ಗೇಟಿನ ಎದುರು ಮೂವತ್ತೆಂಟು ವರ್ಷಗಳಿಂದ ಮೇಜು ಹಾಕಿಕೊಂಡು ಕುಳಿತಿರುವ ಅರ್ಜಿ ಬರಹಗಾರ. ಇಷ್ಟು ವರ್ಷ ಬೇರೆಯವರ ಪರವಾಗಿ ವಿನಮ್ರ ಬಿನ್ನಹಗಳನ್ನು ಬರೆದಿದ್ದೇನೆ. ಇದು ನನ್ನ ಸ್ವಂತದ್ದು. ಆದಕಾರಣ ವಿನಮ್ರತೆಯನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದೇನೆ.

ಸಂಗತಿಯನ್ನು ಕ್ರಮವಾಗಿ ನಿವೇದಿಸುತ್ತೇನೆ. ಕಳೆದ ತಿಂಗಳ ಎಂಟನೆಯ ತಾರೀಕು ಪಾಳಿ ಮುಗಿಸಿದ ನನ್ನ ಸೊಸೆ ಡಿಪೋದಲ್ಲಿರುವ ದೋಷಗಳ ಪುಸ್ತಕವನ್ನು ತೆರೆದು, “ಬ್ರೇಕ್ ಪೆಡಲು ತಳದವರೆಗೆ ಇಳಿಯುತ್ತಿದೆ, ಎರಡು ಸಲ ತುಳಿದರೆ ಮಾತ್ರ ಹಿಡಿಯುತ್ತಿದೆ” ಎಂದು ಬರೆದು, ಬಸ್ಸಿನ ಸಂಖ್ಯೆಯನ್ನೂ ತನ್ನ ಬಿಲ್ಲೆಯ ಸಂಖ್ಯೆಯನ್ನೂ ನಮೂದಿಸಿದಳು. ಬಸ್ಸು ವರ್ಕ್‌ಶಾಪಿಗೆ ಹೋಯಿತು. ಹನ್ನೊಂದನೆಯ ತಾರೀಕು ಬೆಳಗ್ಗೆ ಆರೂವರೆಗೆ ಅದೇ ಬಸ್ಸು, “ದೋಷ ನಿವಾರಿಸಲಾಗಿದೆ” ಎಂಬ ಚೀಟಿಯನ್ನು ಗಾಜಿಗೆ ಅಂಟಿಸಿಕೊಂಡು ಅವಳ ಕೈಗೆ ಬಂತು. ಏಳು ಗಂಟೆ ಹತ್ತು ನಿಮಿಷಕ್ಕೆ, ನಲವತ್ತೊಂದು ಜನ ಪ್ರಯಾಣಿಕರೊಂದಿಗೆ ಆಸ್ಪತ್ರೆಯ ಇಳಿಜಾರಿನಲ್ಲಿ ಇಳಿಯುತ್ತಿದ್ದಾಗ ಪೆಡಲು ತಳಕ್ಕೆ ಹೋಯಿತು. ಎರಡು ಸಲವಲ್ಲ, ಇಪ್ಪತ್ತು ಸಲ ತುಳಿದರೂ ಮೇಲೆ ಬರಲಿಲ್ಲ. ಇಳಿಜಾರಿನ ಕೆಳಗೆ ನಾಲ್ಕು ರಸ್ತೆ ಕೂಡುವ ವೃತ್ತ, ಶಾಲೆಯ ಹೊತ್ತು. ಅವಳು ಗೇರು ಇಳಿಸಿ, ಹಾರ್ನ್ ಒತ್ತಿ ಹಿಡಿದು, ಬಸ್ಸನ್ನು ಎಡಕ್ಕೆ ಎಳೆದು, ಮುಚ್ಚಿಹೋದ ಬೆಂಕಿಪೆಟ್ಟಿಗೆ ಕಾರ್ಖಾನೆಯ ಗೋಡೆಗೆ ಉದ್ದಕ್ಕೂ ಉಜ್ಜಿಸುತ್ತ ನಿಲ್ಲಿಸಿದಳು. ಕಂಡಕ್ಟರನ ಭುಜದ ಮೂಳೆ ಮುರಿಯಿತು, ಒಬ್ಬ ಮುದುಕಿಯ ಎರಡು ಹಲ್ಲು ಹೋದವು, ನನ್ನ ಸೊಸೆಯ ಮಣಿಕಟ್ಟು ಊದಿತು. ಜೀವ ಒಂದೂ ಹೋಗಲಿಲ್ಲ. ಆ ಮುದುಕಿ ಮರುವಾರ ನಮ್ಮ ಮನೆ ಹುಡುಕಿಕೊಂಡು ಬಂದು, “ಆ ಹಲ್ಲು ಹೇಗೂ ಅಲ್ಲಾಡ್ತಿತ್ತು ಬಿಡಮ್ಮ, ನೀನು ತಲೆ ಕೆಡಿಸ್ಕೋಬೇಡ” ಎಂದು ಹೇಳಿ ಹೋದಳು. ಸಂಸ್ಥೆಯ ಕಡೆಯಿಂದ ಇದುವರೆಗೆ ಅಷ್ಟು ಮಾತಾಡಿದವರು ಒಬ್ಬರೂ ಇಲ್ಲ.

ಈಗ ಆ ಚೀಟಿಯ ವಿಷಯಕ್ಕೆ ಬರುತ್ತೇನೆ. “ದೋಷ ನಿವಾರಿಸಲಾಗಿದೆ.” ಕೆಳಗೆ ವರ್ಕ್‌ಶಾಪ್ ಮೇಸ್ತ್ರಿಯ ಸಹಿ ಇರಬೇಕಾದ ಜಾಗದಲ್ಲಿ ನೇರಳೆ ಬಣ್ಣದ ಮೊಹರು: “ಸಮರ್ಪಿತ”. ಯಾರಿಗೆ ಸಮರ್ಪಿತ? ಏನು ಸಮರ್ಪಿತ? ನಲವತ್ತೊಂದು ಜನರೋ? ಮೊಹರಿನಲ್ಲಿ ಅದರ ವಿವರಣೆ ಇಲ್ಲ.

ಈ ಬಹಿರಂಗ ಪತ್ರದ ಓದುಗರಿಗೆ ತಿಳಿಯದಿರಬಹುದಾದ್ದರಿಂದ ಹಿನ್ನೆಲೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಆರು ತಿಂಗಳ ಹಿಂದೆ ತಾವು ‘ನಾಯಕತ್ವ ಮತ್ತು ಆಧ್ಯಾತ್ಮ’ ಎಂಬ ಹತ್ತು ದಿನಗಳ ಶಿಬಿರಕ್ಕೆ ಹೋದಿರಿ. ಹೋಗುವಾಗ ತಾವು ಸಾಮಾನ್ಯ ಮನುಷ್ಯರಂತೆ ಸಿಡುಕುತ್ತಿದ್ದಿರಿ, ಬೈಯುತ್ತಿದ್ದಿರಿ, ಕಡತಗಳನ್ನು ಓದುತ್ತಿದ್ದಿರಿ. ಹಿಂತಿರುಗಿದಾಗ ಈ ಮೂರನ್ನೂ ತ್ಯಜಿಸಿದ್ದಿರಿ. ಮೊದಲ ದಿನವೇ ಬಾಗಿಲ ಮೇಲಿನ ಹೆಸರಿನ ಫಲಕ ಇಳಿಯಿತು. ಕುರ್ಚಿಯ ಜಾಗಕ್ಕೆ ಮೆತ್ತೆ ಬಂತು. ಕರೆಗಂಟೆಯ ಜಾಗಕ್ಕೆ ಹಿತ್ತಾಳೆಯ ಬಟ್ಟಲು ಬಂತು. ಕೋಲಿನಿಂದ ತಟ್ಟಿದರೆ ಅದು ಬಹಳ ಹೊತ್ತು ಗುಂಯ್‌ಗುಡುತ್ತದೆ. ಇದೇ ಬಟ್ಟಲು ಸಭೆಯಲ್ಲಿ ಧ್ಯಾನ ಆರಂಭಿಸುವುದಕ್ಕೂ ಬಳಕೆಯಾಗುವುದರಿಂದ ತಮ್ಮ ಜವಾನ ಬಹಳ ಸಂಕಷ್ಟದಲ್ಲಿದ್ದಾನೆ. “ಅದು ಗುಂಯ್ ಅಂದ್ರೆ ನಾನು ಒಳಗೆ ಓಡಬೇಕೋ, ಇಲ್ಲೇ ಕಣ್ಣು ಮುಚ್ಚಬೇಕೋ ಗೊತ್ತಾಗಲ್ಲ ಯಜಮಾನ್ರೇ. ಮೊನ್ನೆ ಎರಡೂ ಮಾಡಿ ಬಾಗಿಲಿಗೆ ಹಣೆ ಹೊಡ್ಕೊಂಡೆ,” ಎಂದು ನನ್ನ ಮೇಜಿನ ಬಳಿ ಬಂದು ಗಾಯ ತೋರಿಸಿದ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅಧಿಕಾರಿ ನೆಲದ ಮೇಲೆ ಕುಳಿತರೆ ನನಗೇನು, ಅಟ್ಟದ ಮೇಲೆ ಕುಳಿತರೆ ನನಗೇನು? ವರ್ಕ್‌ಶಾಪಿನಲ್ಲಿ ಟಯರುಗಳ ಸಾಲನ್ನು ಸರಿಸಿ ಚಾಪೆ ಹಾಸಿ, ದಿನಕ್ಕೆ ಅರ್ಧ ಗಂಟೆ ‘ಒಳಮೌನ’ ಕಡ್ಡಾಯ ಮಾಡಿದಾಗಲೂ ನಾನು ಆಕ್ಷೇಪಿಸಲಿಲ್ಲ. ಮೆಕ್ಯಾನಿಕರು ಆ ಅರ್ಧ ಗಂಟೆಯಲ್ಲಿ ಎಷ್ಟು ಆಳಕ್ಕೆ ಇಳಿಯುತ್ತಾರೆಂದರೆ ಗೊರಕೆ ಗೇಟಿನ ತನಕ ಕೇಳುತ್ತದೆ. ಆದರೆ ತಾವು ಅಲ್ಲಿಗೆ ನಿಲ್ಲಲಿಲ್ಲ. ‘ನಾನು ಮಾಡಿದೆ’ ಎಂಬ ಭಾವನೆಯೇ ಸಕಲ ಅನರ್ಥಕ್ಕೆ ಮೂಲವೆಂದು ಶಿಬಿರದಲ್ಲಿ ಕಲಿತು ಬಂದ ತಾವು, ಸಹಿ ಎಂಬುದು ಆ ಭಾವನೆಯ ಕಣ್ಣಿಗೆ ಕಾಣುವ ರೂಪವೆಂದು ನಿರ್ಣಯಿಸಿ, ಸಂಸ್ಥೆಯ ಸಮಸ್ತ ದಾಖಲೆಗಳಿಂದ ಸಹಿಯನ್ನು ಉಚ್ಚಾಟಿಸಿದಿರಿ. ಹೀಗೆ ಬಂದದ್ದು ಆ ಮೊಹರು.

ಇಲ್ಲಿ ನಾನು ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಹೇಳಲು ನಾಲಿಗೆ ಏಳುತ್ತಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಸಹಿಯನ್ನು ರದ್ದುಪಡಿಸಿದ ಆ ಸುತ್ತೋಲೆಯನ್ನು ಬರೆದವನು ನಾನು.

ತಮ್ಮ ಆಪ್ತ ಸಹಾಯಕರು ಶಿಬಿರದ ಟಿಪ್ಪಣಿಗಳನ್ನು ಹಿಡಿದುಕೊಂಡು ರಸ್ತೆ ದಾಟಿ ನನ್ನ ಮೇಜಿಗೆ ಬಂದರು. “ಸಾಹೇಬ್ರ ಭಾವನೆ ದೊಡ್ಡದು, ನಮ್ಮ ಗುಮಾಸ್ತರ ಕೈಗೆ ಸಿಗ್ತಿಲ್ಲ. ನಿಮ್ಮ ಭಾಷೆಯ ಗತ್ತು ಬೇಕು,” ಎಂದರು. ಮಾನ್ಯರೇ, ನಾನು ಯಾವ ಶಾಲೆಯಲ್ಲೂ ಭಾಷೆ ಕಲಿತವನಲ್ಲ. ಹದಿನೇಳನೆಯ ವಯಸ್ಸಿನಿಂದ ಒಬ್ಬ ಹಿರಿಯ ಅರ್ಜಿ ಬರಹಗಾರರ ಪಕ್ಕ ಕುಳಿತು ಅವರ ಅರ್ಜಿಗಳನ್ನು ನಕಲು ಮಾಡಿ ಮಾಡಿ, ‘ಸದರಿ’ ಎಲ್ಲಿ ಬರಬೇಕು, ‘ತತ್ಕ್ಷಣ’ ಎಲ್ಲಿ ಬರಬೇಕು, ಎಲ್ಲಿ ಕಾಲು ಹಿಡಿಯಬೇಕು, ಎಲ್ಲಿ ಕತ್ತು ಹಿಡಿಯಬೇಕು ಎಂಬುದನ್ನು ಕೈಯಿಂದಲೇ ಕಲಿತವನು. ಅಂತಹವನ ಬಳಿಗೆ ಮುಖ್ಯಾಧಿಕಾರಿಗಳ ಕಚೇರಿಯೇ ಭಾಷೆಗಾಗಿ ನಡೆದು ಬಂತೆಂದರೆ ಉಬ್ಬದಿರಲು ನಾನೇನು ಶಿಬಿರಕ್ಕೆ ಹೋಗಿ ಬಂದವನೇ? ಕುಳಿತಲ್ಲೇ ಒಂದೇ ಉಸಿರಿಗೆ ಬರೆದೆ: “ಕಾರ್ಯವು ಸಂಸ್ಥೆಯದೇ ಹೊರತು ವ್ಯಕ್ತಿಯದಲ್ಲವಾದ್ದರಿಂದ, ಕಾರ್ಯದ ಮೇಲೆ ವ್ಯಕ್ತಿಯ ಹೆಸರನ್ನು ಹೇರುವುದು ಅಹಂಕಾರದ ಪೋಷಣೆಯೆಂದು ಪರಿಗಣಿಸಿ, ಇನ್ನು ಮುಂದೆ ಸಂಸ್ಥೆಯ ಯಾವುದೇ ದಾಖಲೆಯ ಮೇಲೆ ವೈಯಕ್ತಿಕ ಸಹಿ ಇರತಕ್ಕದ್ದಲ್ಲ.” ಈಗಲೂ ಓದಿದರೆ ಕಿವಿಗೆ ಹಿತವಾಗಿಯೇ ಇದೆ. ಅದೇ ನನ್ನ ದುಃಖ.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ನುರಿತ ಕೈ ಸುಮ್ಮನಿರುವುದಿಲ್ಲ. ರಸ್ತೆಯ ಮೇಲೆ ವಾಹನ ನಡೆಸುವವರು ದಿನವಹಿ ಹಾಳೆಗೆ ಸಹಿ ಮಾಡಲೇಬೇಕೆಂದು ಕಾನೂನು ಇದೆ ಎಂಬುದು ನನಗೆ ನೆನಪಾಯಿತು. ನಾಳೆ ಯಾರಾದರೂ ಸುತ್ತೋಲೆಯಲ್ಲಿ ಹುಳುಕು ತೆಗೆದಾರೆಂದು, ಯಾರೂ ಕೇಳದಿದ್ದರೂ, ಕೊನೆಗೆ ಸೇರಿಸಿದೆ: “ಚಾಲಕರ ದಿನವಹಿ ಹಾಳೆಯನ್ನು ಹೊರತುಪಡಿಸಿ.” ತಮ್ಮ ಸಹಾಯಕರು “ಆಹಾ!” ಎಂದರು. ನಾನೂ ಮನಸ್ಸಿನಲ್ಲಿ ಅಂದುಕೊಂಡೆ. ಹೀಗೆ, ತಾವು, ತಮ್ಮ ಉಪಾಧಿಕಾರಿ, ಡಿಪೋ ವ್ಯವಸ್ಥಾಪಕ, ಮೇಸ್ತ್ರಿ, ಮೆಕ್ಯಾನಿಕರು, ಎಲ್ಲರ ಅಹಂಕಾರವೂ ಒಂದೇ ದಿನ ಕರಗಿ, ಇಡೀ ಸಂಸ್ಥೆಯಲ್ಲಿ ಸಹಿ ಮಾಡುವ ಅಹಂಕಾರಿಗಳೆಂದು ಉಳಿದವರು ಚಾಲಕರು ಮಾತ್ರ. ಅವರಲ್ಲಿ ಒಬ್ಬಳು ನನ್ನ ಮನೆಯಲ್ಲೇ ಇದ್ದಳು.

ಆ ದಿನ ಊಟಕ್ಕೆ ಕುಳಿತಾಗ ಸುತ್ತೋಲೆಯ ನಕಲನ್ನು ಮನೆಯವರಿಗೆ ಓದಿ ಹೇಳಿದೆ. ನನ್ನ ಮಗ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಸೊಸೆ ಮಾತ್ರ ಕೈ ನಿಲ್ಲಿಸಿ ಕೇಳಿದಳು: “ಮಾವ, ಸಹಿ ಇಲ್ದೆ ಹೋದ್ರೆ ನಾಳೆ ಏನಾದ್ರೂ ಆದ್ರೆ ಯಾರನ್ನ ಕೇಳೋದು?”

“ಆ ವಾಕ್ಯ ನೋಡಮ್ಮ, ಹೇಗೆ ಬಂದು ನಿಂತಿದೆ!” ಎಂದೆ.

“ವಾಕ್ಯ ನಿಂತಿದೆ ಮಾವ. ಬಸ್ಸು ನಿಲ್ಲಬೇಕಲ್ಲ.”

ಮನೆಯವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು, ಎದ್ದು ಕೈ ತೊಳೆದೆ. ಮೂರು ತಿಂಗಳ ನಂತರ ಆಸ್ಪತ್ರೆಯಲ್ಲಿ ಅವಳ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಿದ್ದಾಗ ಅವಳು ಆ ಮಾತನ್ನು ನನಗೆ ನೆನಪಿಸಲಿಲ್ಲ. ನೆನಪಿಸಿದ್ದರೆ ಒಳ್ಳೆಯದಿತ್ತು.

ಅಪಘಾತದ ನಂತರ ನಾನು ವರ್ಕ್‌ಶಾಪಿಗೆ ಹೋದೆ. ಮೇಸ್ತ್ರಿ ನನ್ನನ್ನು ಕಂಡು ಸ್ಪ್ಯಾನರು ಕೆಳಗಿಟ್ಟ. ಇಪ್ಪತ್ತಾರು ವರ್ಷ ಬಸ್ಸುಗಳ ಅಡಿಯಲ್ಲೇ ಮಲಗಿ ಎದ್ದವನು. ಮುಖಕ್ಕಿಂತ ಬೆನ್ನೇ ಹೆಚ್ಚು ಕಪ್ಪಾಗಿರುವ ಮನುಷ್ಯ. “ಯಜಮಾನ್ರೇ, ನಿಮ್ಮ ಹತ್ರ ಸುಳ್ಳು ಹೇಳಲ್ಲ. ಆ ಬಸ್ಸನ್ನ ನಾನು ನೋಡೇ ಇಲ್ಲ,” ಎಂದ. “ಮೊದ್ಲಾಗಿದ್ರೆ ನನ್ನ ಸಹಿ ಬೀಳ್ಬೇಕಿತ್ತು. ಕೆಳಗೆ ತೂರಿ ಪೈಪ್ ಮುಟ್ಟಿ ನೋಡ್ದೆ ನಾನು ಪೆನ್ನು ಮುಟ್ತಿರ್ಲಿಲ್ಲ. ಈಗ ಮೊಹರು ಮೇಜಿನ ಮೇಲೆ ಬಿದ್ದಿರುತ್ತೆ. ಮೌನಕ್ಕೆ ಹೊತ್ತಾಯ್ತು ಅಂತ ಇಪ್ಪತ್ತು ಬಸ್ಸಿನ ಚೀಟಿ ಒಟ್ಟಿಗೆ ಇಟ್ಕೊಂಡು ಯಾರೋ ಒಬ್ರು ಟಪಟಪ ಒತ್ತಿ ಬಿಸಾಕ್ತಾರೆ. ಯಾರು ಒತ್ತಿದ್ರು ಅಂತ ದೇವ್ರಾಣೆಗೂ ನಂಗೊತ್ತಿಲ್ಲ.”

“ಮತ್ತೆ ಮೊದಲನೇ ಟ್ರಿಪ್ಪು?” ಎಂದು ಕೇಳಿದೆ.

ಇದನ್ನು ತಮಗೆ ವಿವರಿಸಬೇಕಾಗಬಹುದು, ಏಕೆಂದರೆ ಇದು ಯಾವ ನಿಯಮಾವಳಿಯಲ್ಲೂ ಇಲ್ಲ, ಯಾವ ಶಿಬಿರದಲ್ಲೂ ಹೇಳಿಕೊಡುವುದಿಲ್ಲ. ತಮ್ಮ ವರ್ಕ್‌ಶಾಪಿನಲ್ಲಿ ಮೊದಲಿನಿಂದಲೂ ಒಂದು ಪದ್ಧತಿ ಇತ್ತು. ಬ್ರೇಕ್ ಕೆಲಸ ಮಾಡಿಸಿಕೊಂಡ ಬಸ್ಸು ಮೊದಲ ಟ್ರಿಪ್ಪಿಗೆ ಹೊರಟಾಗ, ಚೀಟಿಗೆ ಸಹಿ ಮಾಡಿದವನು ಚಾಲಕರ ಪಕ್ಕದ ಮುಂದಿನ ಸೀಟಿನಲ್ಲಿ ಕುಳಿತು ಆಸ್ಪತ್ರೆಯ ಇಳಿಜಾರನ್ನು ಇಳಿದು ಬರಬೇಕು. ಯಾರೂ ಆಜ್ಞೆ ಮಾಡಿದ್ದಲ್ಲ. ಹಳೆಯ ಮೇಸ್ತ್ರಿಯೊಬ್ಬ ಆರಂಭಿಸಿದ, ಉಳಿದವರು ಪಾಲಿಸಿದರು. ಇಳಿಜಾರು ಇಳಿದ ಮೇಲೆ ಅವನು ಇಳಿದು, ಚಕ್ರದ ಬಿಸಿ ಮುಟ್ಟಿ ನೋಡಿ, ನಡೆದುಕೊಂಡು ಡಿಪೋಗೆ ಹಿಂತಿರುಗುತ್ತಿದ್ದ. ಮೊದಲು ತನ್ನ ಮೈಯನ್ನೇ ಆ ಸೀಟಿನಲ್ಲಿಟ್ಟು, ಆಮೇಲೆ ಊರವರನ್ನು ಬಸ್ಸಿಗೆ ಹತ್ತಿಸುತ್ತಿದ್ದ.

ನನ್ನ ಪ್ರಶ್ನೆಗೆ ಮೇಸ್ತ್ರಿ ನಗಲೂ ಇಲ್ಲ, ಅಳಲೂ ಇಲ್ಲ. “ಸಹಿ ಮಾಡಿದೋನು ಕೂರ್ಬೇಕು ಅಂತ ಪದ್ಧತಿ. ಈಗ ಯಾರನ್ನ ಕೂರಿಸ್ಲಿ ಹೇಳಿ? ಮೊಹರನ್ನ ಕೂರಿಸ್ಲಾ?” ಎಂದ.

ಮಾನ್ಯರೇ, ನಾಯಕತ್ವಕ್ಕೂ ಆಧ್ಯಾತ್ಮಕ್ಕೂ ಸಂಬಂಧವಿದೆ ಎಂದು ತಾವು ಎಲ್ಲ ಸಭೆಗಳಲ್ಲಿ ಹೇಳುತ್ತೀರಿ. ನಾನು ಅದನ್ನು ಅಲ್ಲಗಳೆಯುವವನಲ್ಲ. ಸಂಬಂಧವಿದೆ, ಆದರೆ ಅದು ತಮ್ಮ ಕೋಣೆಯಲ್ಲಿ ಇರಲಿಲ್ಲ, ಆ ಮುಂದಿನ ಸೀಟಿನಲ್ಲಿ ಇತ್ತು. ನಾನೆಂಬುದನ್ನು ಬಿಡಬೇಕೆಂದು ಹೇಳಿದ ಹಿರಿಯರು ಹೊಗಳಿಕೆ ಬರುವ ಹೊತ್ತಿಗೆ ಬಿಡಿ ಎಂದಿರಬೇಕು. ಬೈಗುಳ ಬರುವ ಹೊತ್ತಿಗೆ ನಾನೆಂಬುದನ್ನು ಬಿಟ್ಟು ಓಡುವುದಕ್ಕೆ ನಮ್ಮ ಭಾಷೆಯಲ್ಲಿ ತಲೆತಪ್ಪಿಸಿಕೊಳ್ಳುವುದು ಎಂಬ ಸರಳವಾದ ಮಾತು ಇದೆ; ಅದಕ್ಕೆ ಮೆತ್ತೆ, ಬಟ್ಟಲು, ಹತ್ತು ದಿನಗಳ ಶಿಬಿರ, ಇವು ಯಾವುವೂ ಬೇಕಿಲ್ಲ. ಎರಡು ತಿಂಗಳ ಹಿಂದೆ ಸಂಸ್ಥೆಗೆ ಉತ್ತಮ ನಿರ್ವಹಣೆಯ ಫಲಕ ಬಂದಾಗ ವೇದಿಕೆಗೆ ಹೋಗಿ ಅದನ್ನು ಎರಡೂ ಕೈಗಳಿಂದ ಸ್ವೀಕರಿಸಿದವರು ಯಾರು? ಆಗ ಕಾರ್ಯ ಸಂಸ್ಥೆಯದಾಗಿರಲಿಲ್ಲವೆ? ಪತ್ರಿಕೆಯಲ್ಲಿ ಬಂದ ಚಿತ್ರದ ಕೆಳಗೆ ತಮ್ಮ ಹೆಸರಿತ್ತು, “ಸಮರ್ಪಿತ” ಎಂದಿರಲಿಲ್ಲ.

ಇವೆಲ್ಲವನ್ನೂ ಮುಖತಃ ಅರಿಕೆ ಮಾಡಿಕೊಳ್ಳಲೆಂದು ಕಳೆದ ಮಂಗಳವಾರ ತಮ್ಮ ಕೋಣೆಗೆ ಬಂದೆ. ತಾವು ಕಣ್ಣು ಮುಚ್ಚಿಕೊಂಡೇ ನನ್ನನ್ನು ಬರಮಾಡಿಕೊಂಡಿರಿ. ನನ್ನ ಮಂಡಿ ಮೆತ್ತೆಗೆ ಒಗ್ಗದ ಕಾರಣ ನಾನು ನಿಂತೇ ಇದ್ದೆ. ನಡೆದ ಮಾತನ್ನು ತಮಗೆ ಜ್ಞಾಪಿಸುತ್ತೇನೆ.

“ಯಾರು ಮಾಡಿದ್ರು, ಯಾರು ಮಾಡ್ಲಿಲ್ಲ ಅನ್ನೋದ್ರಲ್ಲಿ ಸಿಕ್ಕಿಹಾಕ್ಕೋಬೇಡಿ ಯಜಮಾನ್ರೇ,” ಎಂದಿರಿ. “ಆಗ್ಬೇಕಾದ್ದು ಆಯ್ತು. ಅದನ್ನ ಹಾಗೇ ನೋಡಿ.”

“ಹಾಗೇ ನೋಡ್ತೀನಿ ಸ್ವಾಮಿ. ಆದ್ರೆ ನೋಟೀಸಿನಲ್ಲಿ ನನ್ನ ಸೊಸೆಯ ಹೆಸರು ಯಾಕಿದೆ?”

“ದಿನವಹಿ ಹಾಳೇಲಿ ಸಹಿ ಅವರದೊಂದೇ ಇತ್ತಲ್ಲ. ಮೇಲಿನೋರು ಕೇಳಿದ್ರೆ ಒಂದು ಹೆಸರು ಕೊಡ್ಬೇಕಾಗುತ್ತೆ.” ಸ್ವಲ್ಪ ಹೊತ್ತು ಉಸಿರೆಳೆದು ಬಿಟ್ಟು, ಮತ್ತೆ ಹೇಳಿದಿರಿ: “ಇದನ್ನ ಶಿಕ್ಷೆ ಅಂದ್ಕೋಬೇಡಿ. ಒಪ್ಕೊಂಡ್ರೆ ಅವರೂ ಬೆಳೀತಾರೆ. ಟಿಕೆಟ್ ಕೌಂಟರಿನಲ್ಲಿ ಕೂರಿಸ್ತೀವಿ, ಆರಾಮಾಗಿರ್ಲಿ.”

“ತಮಗೆ ಬೆಳೆದು ಮುಗೀತಾ ಸ್ವಾಮಿ?”

ತಾವು ಬಟ್ಟಲು ತಟ್ಟಿದಿರಿ. ಬಾಗಿಲು ತೆರೆದು ಜವಾನ ಒಳಗೆ ಬಂದ, ನನ್ನ ಪಕ್ಕ ನಿಂತು ಕಣ್ಣು ಮುಚ್ಚಿಕೊಂಡ. ತಾವು “ಇವರನ್ನ ಹೊರಗೆ ಕರ್ಕೊಂಡು ಹೋಗು” ಎಂದು ಸ್ಪಷ್ಟ ಕನ್ನಡದಲ್ಲಿ ಗುಡುಗುವವರೆಗೂ ಅವನು ತೆರೆಯಲಿಲ್ಲ. ಆರು ತಿಂಗಳಲ್ಲಿ ತಾವು ಕೊಟ್ಟ ಮೊದಲ ನೇರ ಆಜ್ಞೆ ಅದು. ಅದರಲ್ಲಿ ಕರ್ತೃ ಯಾರೆಂಬ ಸಂದೇಹ ಯಾರಿಗೂ ಬರಲಿಲ್ಲ.

ಮರುದಿನ ತಮ್ಮ ಆಪ್ತ ಸಹಾಯಕರು ಪುನಃ ರಸ್ತೆ ದಾಟಿ ನನ್ನ ಮೇಜಿಗೆ ಬಂದರು. “ನಿಮ್ಮ ಸೊಸೆ ಕೈಗೆ ಪಟ್ಟಿ ಇದೆ, ಬರೆಯೋಕೆ ಆಗಲ್ಲ ಅಲ್ವಾ, ತಪ್ಪೊಪ್ಪಿಗೆನ ನೀವೇ ಚೆಂದಾಗಿ ಬರ್ದುಕೊಡಿ. ಮನೆ ವಿಷಯ ಮನೇಲೇ ಮುಗಿಯುತ್ತೆ,” ಎಂದರು. ಗದರಿಸಿ ಕಳಿಸಬೇಕಿತ್ತು. ಕಳಿಸಲಿಲ್ಲ. ಸ್ಟಿಯರಿಂಗ್ ಹೋದರೂ ಕೆಲಸವಾದರೂ ಉಳಿಯಲಿ, ಕೌಂಟರಿನಲ್ಲಿ ಕುಳಿತರೆ ಜೀವಕ್ಕಾದರೂ ಅಪಾಯವಿಲ್ಲ ಎಂಬ ಮುದಿ ಲೆಕ್ಕಾಚಾರ ನನ್ನೊಳಗೆ ಓಡಿತು. ಹಾಳೆ ತೆಗೆದೆ. ಕೈ ತನ್ನಷ್ಟಕ್ಕೆ ಹೊರಟಿತು: “ನನ್ನ ಆಂತರಿಕ ಜಾಗೃತಿಯ ಕೊರತೆಯಿಂದ ಸಂಭವಿಸಿದ ಸದರಿ ಪ್ರಮಾದಕ್ಕೆ ನಾನೇ ಸಂಪೂರ್ಣ ಹೊಣೆಗಾರಳೆಂದು ನಿರ್ಮಲ ಮನಸ್ಸಿನಿಂದ…” ಒಂದು ಪುಟ ತುಂಬಿತು. ಎಲ್ಲಿಯೂ ಒಂದು ಅಕ್ಷರ ಹೊಡೆದುಹಾಕುವಂತಿರಲಿಲ್ಲ.

ಮನೆಗೆ ತಂದು ಅವಳ ಮುಂದಿಟ್ಟೆ. ಹನ್ನೆರಡು ವರ್ಷ ಈ ಊರಿನ ಎಲ್ಲ ತಿರುವುಗಳಲ್ಲೂ ಬಸ್ಸು ತಿರುಗಿಸಿದವಳು ಅವಳು. ಬಿಲ್ಲೆ ಪಡೆಯುವ ಪರೀಕ್ಷೆಗೆ ಮೂರು ಸಲ ಹೋಗಿ, ಎರಡು ಸಲ “ಹೆಂಗಸಿಗೆ ದೊಡ್ಡ ಸ್ಟಿಯರಿಂಗ್ ಯಾಕಮ್ಮ” ಎಂದು ಕೇಳಿಸಿಕೊಂಡು ಬಂದು, ಮೂರನೆಯ ಸಲ ಅದನ್ನು ಗೆದ್ದು ತಂದವಳು. ಪಟ್ಟಿ ಸುತ್ತಿದ ಕೈಯಲ್ಲಿ ಹಾಳೆ ಹಿಡಿದು ಪೂರ್ತಿ ಓದಿದಳು. ಒಂದು ಕಡೆ ನಿಧಾನಿಸಿ ಮತ್ತೆ ಓದಿದಳು. ಆಮೇಲೆ ಹಾಳೆಯನ್ನು ನನಗೆ ಹಿಂತಿರುಗಿಸಿದಳು.

“ಚೆನ್ನಾಗಿದೆ ಮಾವ. ನಿಮ್ಮ ಹೆಸ್ರಲ್ಲಿ ಕಳಿಸಿ.”

ಅಷ್ಟೇ. ಧ್ವನಿ ಏರಿಸಲಿಲ್ಲ. ಎದ್ದು ನನ್ನ ಮಗನಿಗೆ ನೀರು ಕೊಡಲು ಹೋದಳು. ಮೂವತ್ತೆಂಟು ವರ್ಷಗಳಲ್ಲಿ ನಾನು ಬರೆದ ಅರ್ಜಿಗಳ ಮೇಲೆ ಅನೇಕ ಅಧಿಕಾರಿಗಳು ಅನೇಕ ಷರಾ ಬರೆದಿದ್ದಾರೆ. ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ಷರಾವನ್ನು ನಾನು ಕಂಡಿಲ್ಲ.

ಆದಕಾರಣ, ಮಾನ್ಯರೇ, ತಾವು ಶನಿವಾರದೊಳಗೆ ಕೇಳಿದ್ದ ತಪ್ಪೊಪ್ಪಿಗೆ ಇದೇ. ಅವಳ ಆದೇಶದಂತೆ ನನ್ನ ಹೆಸರಿನಲ್ಲಿ ಕಳಿಸುತ್ತಿದ್ದೇನೆ. ಸಂಸ್ಥೆಯ ಸಹಿಗಳನ್ನು ಅಳಿಸಿದ ವಾಕ್ಯ ನನ್ನದು. ಚಾಲಕರನ್ನು ಮಾತ್ರ ಹೊರಗೆ ನಿಲ್ಲಿಸಿದ ಕೊನೆಯ ಮಾತೂ ನನ್ನದು. ಅರ್ಥವನ್ನು ವಿಚಾರಿಸದೆ ಗತ್ತನ್ನು ಮಾತ್ರ ನೋಡಿ ಬರೆದೆ. ಎಚ್ಚರಿಸಿದವಳ ಮೇಲೆ ಸಿಟ್ಟು ಮಾಡಿದೆ. ಇದಕ್ಕೆ ಯಾವ ಶಿಕ್ಷೆ ಉಂಟೋ ಅದನ್ನು ಅನುಭವಿಸಲು ಸಿದ್ಧನಿದ್ದೇನೆ. ನನ್ನ ಮೇಜನ್ನು ಗೇಟಿನಿಂದ ಎತ್ತಿಸುವುದಾದರೆ ಎತ್ತಿಸಿ. ಒಂದು ಕಾಲು ಅಲ್ಲಾಡುತ್ತದೆ, ಎತ್ತುವವರು ಎಚ್ಚರಿಕೆ ವಹಿಸಲಿ.

ಆದರೆ ನಾನು ಬರೆದದ್ದು ಕರಡು ಮಾತ್ರ. ಅದನ್ನು ಆಜ್ಞೆಯಾಗಿ ಮಾಡಿದವರು ತಾವು. ಆದ್ದರಿಂದ ಕೇಳುತ್ತೇನೆ. ನನ್ನ ಸೊಸೆಯ ಮೇಲಿನ ನೋಟೀಸನ್ನು ಶನಿವಾರಕ್ಕೆ ಮೊದಲು ಹಿಂಪಡೆಯಿರಿ. ಅವಳ ಮಣಿಕಟ್ಟು ವಾಸಿಯಾದ ದಿನವೇ ಅವಳನ್ನು ಅವಳ ಮಾರ್ಗಕ್ಕೆ ಹಿಂತಿರುಗಿಸಿ. ಸುತ್ತೋಲೆಯನ್ನು ರದ್ದುಮಾಡಿ, ವರ್ಕ್‌ಶಾಪಿನ ಪೆನ್ನನ್ನು ಮೇಸ್ತ್ರಿಗೆ ಮರಳಿ ಕೊಡಿ. ಆ ಬಸ್ಸು ದುರಸ್ತಿಯಾಗಿ ಮೊದಲ ಟ್ರಿಪ್ಪಿಗೆ ಹೊರಡುವಾಗ ಮುಂದಿನ ಸೀಟಿನಲ್ಲಿ ತಾವು ಕುಳಿತುಕೊಳ್ಳಿ. ಆಸ್ಪತ್ರೆಯ ಇಳಿಜಾರಿನಲ್ಲಿ ಧ್ಯಾನ ತಾನಾಗಿಯೇ ಹತ್ತುತ್ತದೆ, ಬಟ್ಟಲಿನ ಅಗತ್ಯ ಬೀಳುವುದಿಲ್ಲ. ಕಣ್ಣು ಮಾತ್ರ ತೆರೆದಿರಲಿ. ಸ್ಟಿಯರಿಂಗ್ ಹಿಡಿಯುವವಳು ನನ್ನ ಸೊಸೆಯೇ, ತಮಗೆ ಅಪಾಯವಿಲ್ಲ.

ಈ ಬಹಿರಂಗ ಪ್ರತಿಗೆ ಇಷ್ಟನ್ನು ಸೇರಿಸುತ್ತೇನೆ: ಪತ್ರದ ಮೂಲಪ್ರತಿಯನ್ನು ಇಂದು ಬೆಳಗ್ಗೆ ತಮ್ಮ ಟಪಾಲು ವಿಭಾಗದಲ್ಲಿ ಸಲ್ಲಿಸಿ ಸ್ವೀಕೃತಿ ಕೇಳಿದೆ. ಗುಮಾಸ್ತರು ಮೊಹರು ಎತ್ತಿದರು. “ಬೇಡಪ್ಪ, ನಿನ್ನ ಕೈಯಲ್ಲೇ ಒಂದು ಗೀಟು ಎಳಿ,” ಎಂದೆ. ಅತ್ತಿತ್ತ ನೋಡಿ, ಮೇಜಿನ ಅಡಿಯಲ್ಲಿಟ್ಟುಕೊಂಡು ಸಹಿ ಮಾಡಿಕೊಟ್ಟರು. ತಿಂಗಳುಗಟ್ಟಲೆ ಅಭ್ಯಾಸ ತಪ್ಪಿ ಗೀಟು ಸೊಟ್ಟಗಾಗಿದೆ, ಆದರೂ ಅಕ್ಷರ ಸ್ಪಷ್ಟವಾಗಿದೆ. ಅವರಿಂದ ಆಗಿದೆಯೆಂದ ಮೇಲೆ ತಮ್ಮಿಂದಲೂ ಆಗುತ್ತದೆ. ಮೂಲಪ್ರತಿಯಲ್ಲಿ ನನ್ನ ಸಹಿಯ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ. ಅದು ತಮ್ಮದು.

ಇಂತಿ,
ಸದರಿ ಸುತ್ತೋಲೆಯ ಕರಡನ್ನು ಚೆಂದವಾಗಿ ಬರೆದು ಕೆಟ್ಟವನು,
ಸದರಿ ಚಾಲಕಿಯ ಮಾವ,
ತಮ್ಮ ಗೇಟಿನ ಎದುರಿನ ಅರ್ಜಿ ಬರಹಗಾರ
(ಸಹಿ ಮಾಡಿದೆ)